ಅಳಿಯಂದಿರ ತಾಪಮಾನ ಪರೀಕ್ಷೆ

ಬಾಣಂತಿ ಹೆಂಡತಿಯನ್ನು ನೋಡಲು ಹೋಗುವ ಗಂಡಸು ಅಂಟಿನುಂಡಿಗೆಂದು ಬೆಲ್ಲವನ್ನೋ ತುಪ್ಪವನ್ನೋ ಒಯ್ಯುತ್ತಾನೆ. ಶಿಗ್ಗಾಂವದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸುಯಮೀಂದ್ರ ಮಾತ್ರ ಅಕ್ಕಿಆಲೂರಿನ ಅತ್ತೆಯ ಮನೆಗೆ ಮೂರು ಥರ್ಮಾಮೀಟರ್ ಒಯ್ದ. ಒಂದು ಗಾಜಿನದು, ಒಂದು ಕುಂಯ್ ಎನ್ನುವುದು, ಇನ್ನೊಂದು ಹಣೆಗೆ ಪಿಸ್ತೂಲಿನಂತೆ ಹಿಡಿಯುವುದು.

"ಒಂದಿದ್ರ ಸಾಲದೇನ್ರಿ?" ಎಂದಳು ಹೆಂಡತಿ ವೃಂದಾ.

"ಒಂದು ಸುಳ್ಳು ಹೇಳಿದ್ರ ಇನ್ನೊಂದು ಹಿಡೀತದ. ಹೋಲಿಸಿ ನೋಡಿ, ಛಲೋದನ್ನ ಇಟ್ಟು ಹೋಗ್ತೇನಿ."

ಅತ್ತೆ ಮೃಣಾಲಿನಿಬಾಯಿ ಹದಿನೆಂಟು ದಿನದ ಮೊಮ್ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಬೆಚ್ಚಗದ, ಹಾಲು ಕುಡೀತದ. ಮತ್ತೇನು ಬೇಕು?" ಎಂದರು.

ವಿಜ್ಞಾನಕ್ಕೆ ಅಷ್ಟು ಸಾಲದು. ಗಾಜಿನದು ಕೂಸಿಗೆ ತೊಂಬತ್ತೆಂಟು ಎಂದಿತು, ಕುಂಯ್ ಎನ್ನುವುದು ತೊಂಬತ್ತೆಂಟೂವರೆ, ಪಿಸ್ತೂಲು ತೊಂಬತ್ತೊಂಬತ್ತು. ಬಾಣಂತಿಯದೂ ಹೆಚ್ಚುಕಡಿಮೆ ಅಷ್ಟೇ. ಯಾವುದು ನಿಜ? ಒರೆಗೆ ಹಚ್ಚಲು ಪೂರ್ಣ ಆರೋಗ್ಯದ ಮೈಯೊಂದು ಬೇಕು. (ಅಂಥದು ಆ ಮನೆಯಲ್ಲಿ ತನ್ನದೊಂದೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.) ತನ್ನನ್ನೇ ಅಳೆದುಕೊಂಡ. ಮೂರೂ ನೂರಾ ಒಂದರ ಆಚೀಚೆ ನಿಂತವು.

"ಆರಾಮ ಇದ್ದ ಮೈ ತೊಂಬತ್ತೆಂಟೂವರೆ ಇರಬೇಕು. ಮೂರೂ ಎರಡೂವರೆ ಡಿಗ್ರಿ ಹೆಚ್ಚಿಗಿ ತೋರಸ್ತಾವ!" ಎಂದು ಗೆದ್ದವನಂತೆ ಕೂಗಿದ. ಗಾಜಿನದು ತೋರಿಸಿದ ಕೂಸಿನ ತೊಂಬತ್ತೆಂಟರಿಂದ ಎರಡೂವರೆ ಕಳೆದವನೇ ಗಾಬರಿಯಾದ. "ವೃಂದಾ, ಕೂಸಿನ ಮೈ ಬರೇ ತೊಂಬತ್ತೈದೂವರೆ! ತಣ್ಣಗಾಗಲಿಕ್ಕತ್ತದ!"

"ಕೂಸು ಹಾಲು ಕುಡಿದು ಆರಾಮ ಮಲಗೇದಲ್ರಿ!"

"ನಿನಗ ತಿಳೀದು, ಸುಮ್ಮನಿರು!" ಎನ್ನುತ್ತಾ ಪಕ್ಕದ ಓಣಿಯ ನರ್ಸ್ ನುಜಹತಳಿಗೆ ಫೋನ್ ಮಾಡಿದ. ಕೈ ನಡುಗುತ್ತಿತ್ತು. ಮಗಳ ಚಿಂತೆಗೇ ನಡುಗುತ್ತಿದೆ ಎಂದುಕೊಂಡ.

ನುಜಹತ ಓಡಿ ಬಂದು, ಕೂಸಿನ ಬಗಲಲ್ಲಿ ತನ್ನ ಥರ್ಮಾಮೀಟರ್ ಇಟ್ಟು ನೋಡಿದಳು. "ಕೂಸಿಗೆ ಏನೂ ಆಗಿಲ್ರಿ. ಬಾಣಂತಿನೂ ಆರಾಮ ಅದಾರ." "ಪೂರ್ಣ ಆರೋಗ್ಯದ ನನ್ನ ಮೈಗೇ ಹೋಲಿಸಿ ನೋಡೇನಿ," ಎಂದು ಸುಯಮೀಂದ್ರ ತನ್ನ ಲೆಕ್ಕ ಒಪ್ಪಿಸಿದ. ಪೂರ್ತಿ ಕೇಳಿಸಿಕೊಂಡ ಆಕೆ, ಬ್ಯಾಗಿನಿಂದ ಇನ್ನೊಂದು ಥರ್ಮಾಮೀಟರ್ ತೆಗೆದು ಅವನ ಬಗಲಿಗೇ ಇಟ್ಟಳು. ನೂರಾ ಒಂದು.

"ಸರ್, ನಿಮ್ಮ ಮೂರೂ ಖರೇನ ಹೇಳ್ಯಾವ್ರಿ. ಜ್ವರ ಬಂದಿದ್ದು ನಿಮಗ. ಆರಾಮ ಆಗೂತನಕ ಕೂಸಿನ ಹತ್ರ ಹೋಗಬ್ಯಾಡ್ರಿ."

"ಏಳ್ರಿ ಅಳಿಯಂದ್ರ, ಪಡಸಾಲಿಗೆ ನಡೀರಿ," ಎಂದರು ಮೃಣಾಲಿನಿಬಾಯಿ. ಕಂಬಳಿ, ಕಷಾಯದ ಲೋಟ ಅವನ ಹಿಂದೆಯೇ ಹೊರಬಂದವು.

ಸ್ವಲ್ಪ ಹೊತ್ತಿಗೆ, ಹತ್ತು ಹೆಜ್ಜೆ ಆಚೆಯ ಕೋಣೆಯಿಂದ ವೃಂದಾ ವಿಡಿಯೋ ಕಾಲ್ ಮಾಡಿದಳು. "ಪುಟ್ಟಿ, ಅಲ್ಲಿ ನೋಡು, ಪೂರ್ಣ ಆರೋಗ್ಯದ ಅಪ್ಪ!"

ಮಗಳು ಬಾಯ್ತುಂಬ ಆಕಳಿಸಿದಳು.