ವಿಭೂತಿ ಹಚ್ಚಿಕೊಂಡ ನೆಪೋಲಿಯನ್

ಕುರುಗೋಡಿನ ದೊಡ್ಡಬಸವಣ್ಣನ ಪಾದಕ್ಕೆ ಮೊದಲ ಶರಣು. ಕಲ್ಲಿನ ಬಸವಣ್ಣ ನಗುವುದಿಲ್ಲ ಎನ್ನುತ್ತಾರೆ; ನಮ್ಮ ಕ್ಲಬ್ಬಿನ ಸಂಗತಿ ಅವನ ಕಿವಿಗೆ ಬಿದ್ದಿಲ್ಲ, ಅಷ್ಟೆ. ನಾನು ಬೇಡವೆಂದರೂ ಇಂಥವು ನನ್ನ ಕಣ್ಣೆದುರಿಗೇ ನಡೆಯುತ್ತವೆ. ಶಿವನಿಗೂ ಆಗಾಗ ನಗಬೇಕು ಅನ್ನಿಸುತ್ತದೇನೋ, ಆಗ ನನ್ನನ್ನು ಸಾಕ್ಷಿಗೆ ನಿಲ್ಲಿಸುತ್ತಾನೆ.

ಬಿಳಿಯರು ಊರು ಬಿಡುವ ಕಾಲಕ್ಕೆ ಬಳ್ಳಾರಿ ದಂಡಿನ ಒಬ್ಬ ದೊರೆ ಒಂದು ತಗಡಿನ ಪೆಟ್ಟಿಗೆಯನ್ನು ನಮ್ಮ ಕ್ಲಬ್ಬಿಗೆ ಕೊಟ್ಟು ಹೋದ. ಒಳಗೆ ಹೆಬ್ಬೆರಳುದ್ದದ ಸೀಸದ ಸಿಪಾಯಿಗಳು. ಕೆಂಪಂಗಿಯವರು ಇಂಗ್ಲಿಷರು, ನೀಲಿಯಂಗಿಯವರು ಫ್ರೆಂಚರು. ಎರಡೂ ಕಡೆ ಕುದುರೆ ಮೇಲೆ ಒಬ್ಬೊಬ್ಬ ಸೇನಾಪತಿ. ನೀಲಿಯವರ ಸೇನಾಪತಿ ಸಾಕ್ಷಾತ್ ನೆಪೋಲಿಯನ್. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಸೇತುವೆ ಮಾಡಿ, ಫುಟ್‌ಪಟ್ಟಿಯಿಂದ ಅಳೆದು ಸಿಪಾಯಿಗಳನ್ನು ನಡೆಸಬೇಕು. ಗುಂಡು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಎದುರಿನ ಸೇನಾಪತಿಯನ್ನು ಹಿಡಿದವರು ಗೆದ್ದಂತೆ. ಕೆಂಪು ಪಡೆ ಸತ್ಯನಾರಾಯಣಪೇಟೆಯ ವಕೀಲರದು, ನೀಲಿ ಪಡೆ ಸಿರುಗುಪ್ಪದ ಅಕ್ಕಿ ಗಿರಣಿ ಸಾವ್ಕಾರರದು. ಸಾಲಿ ಮಾಸ್ತರ, ಅದರಲ್ಲೂ ಪೂಜೆ ಮಾಡುವ ಅಯ್ಯನೋರು, ಸುಳ್ಳಾಡಲಿಕ್ಕಿಲ್ಲ ಎಂದು ತೀರ್ಪು ಹೇಳುವ ಪಂಚನ ಕೆಲಸ ನನಗೆ ಬಂತು.

೧. ದೂರದ ಬ್ಯಾನಿ

ಗುಂಡು ತಗುಲಿದವನನ್ನು ಮೇಜಿನಿಂದ ತೆಗೆಯುವಾಗ ಪಂಚನಾದವನು ‘ಸತ್ತ’ ಎಂದು ಕೂಗಿ ಹೇಳಬೇಕು. ಅವತ್ತು ಸೋಮವಾರ, ಶಿವನ ವಾರ; ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಸೀಸದವನಾದರೂ ಜೀವವೇ ಅಂದುಕೊಂಡು, “ಒಬ್ಬರು ಶಿವನ ಪಾದ ಸೇರಿದರು” ಎಂದೆ. ಆಮೇಲೆ “ಇನ್ನೂ ಮೂವರು” ಎಂದೆ.

ಸಾವ್ಕಾರರನ್ನು ಕಾಣಲು ಕುರುಗೋಡಿನಿಂದ ಬಂದಿದ್ದ ಅವರ ಬೀಗರು, ವಯಸ್ಸಾದವರು, ಬಾಗಿಲ ಹೊರಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಹೊರಗೆ ಬಂದ ವಕೀಲರನ್ನು ಮೆಲ್ಲಗೆ ಕೇಳಿದರು:

“ಯಾವೂರಾಗ್ರಿ ಈ ಬ್ಯಾನಿ?”

ವಕೀಲರ ತಲೆಯೆಲ್ಲ ಆಟದಲ್ಲೇ, ಅವತ್ತು ಮೇಜಿನ ಮೇಲೆ ನಡೆದಿದ್ದ ಸ್ಪೇನಿನ ಯುದ್ಧದಲ್ಲೇ ಇತ್ತು. “ಸ್ಪೇನಿನಾಗ” ಎಂದರು.

“ಹೊಸಪೇಟಿ ಆಚೀಕೇನ್ರಿ?”

“ಅದಕಿಂತ ಬಾಳ ದೂರ, ಅಜ್ಜಾರ.”

“ದೂರಂತ ಸುಮ್ಕುಂದ್ರಬ್ಯಾಡ್ರಿ. ಬ್ಯಾನಿ ಬಸ್ಸಿನ್ಯಾಗೂ ಬರತೈತಿ.”

ಮರುದಿನ ಕುರುಗೋಡಿನಲ್ಲಿ ಅವರ ಓಣಿಯ ಬಾಗಿಲಿಗೆಲ್ಲ ರೋಗ ಬಾರದಿರಲೆಂದು ಬೇವಿನ ಸೊಪ್ಪು ಕಟ್ಟಿತ್ತು. ಬಸವಣ್ಣನ ದಯೆ, ಸ್ಪೇನಿನ ಬ್ಯಾನಿ ಇವತ್ತಿನವರೆಗೂ ಆ ಓಣಿಗೆ ಬಂದಿಲ್ಲ.

೨. ಗುಡ್ಡ ತಿಂದ ಕೋಳಿ

ಒಮ್ಮೆ ಸಾವ್ಕಾರರು ಯುದ್ಧವನ್ನು ಸಿರುಗುಪ್ಪಕ್ಕೇ ಕರೆದರು. ಗಿರಣಿಯ ಪಡಸಾಲೆಯಲ್ಲಿ ರಣರಂಗ. ಅಡವಿಗೆ ಭತ್ತದ ಸಸಿ, ಗುಡ್ಡಕ್ಕೆ ಭತ್ತದ ರಾಶಿ. ಆ ಗುಡ್ಡದ ತುದಿಗೆ ವಕೀಲರು ತಮ್ಮ ಸೀಸದ ಫಿರಂಗಿ ಏರಿಸಿ ಚಹಾ ಕುಡಿಯಲು ಹೋದರು. ತಿರುಗಿ ಬರುವಷ್ಟರಲ್ಲಿ ಕಾವಲುಗಾರನ ಕೋಳಿ ಅರ್ಧ ಗುಡ್ಡ ತಿಂದಿತ್ತು, ಫಿರಂಗಿ ಅಡಿಮೇಲಾಗಿ ಬಿದ್ದಿತ್ತು.

ಕೋಳಿ ಯಾರ ಕಡೆಯದೆಂದು ವಕೀಲರು ಕೇಳಿದರು. ಯಾರ ಕಡೆಯದೂ ಅಲ್ಲ, ಅದು ಕಾಳಿನ ಕಡೆಯದು ಎಂದರು ಸಾವ್ಕಾರರು. ದೊರೆ ಬಿಟ್ಟುಹೋದ ನಿಯಮಗಳಲ್ಲಿ ಕೋಳಿಯ ಮಾತೇ ಇಲ್ಲ. ನಾನು ಶಿವನನ್ನು ನೆನೆದು, ಯುದ್ಧದಲ್ಲಿ ಕೈಹಾಕಿದ್ದರಿಂದ ಕೋಳಿ ಸೆರೆಯಾಳು ಎಂದು ತೀರ್ಪು ಕೊಟ್ಟು ಬುಟ್ಟಿ ಕವುಚಿದೆ.

ತುಸು ಹೊತ್ತಿಗೆ ಸೆರೆಯಾಳು ತತ್ತಿ ಇಟ್ಟಿತು. ಯುದ್ಧದಲ್ಲಿ ಸಿಕ್ಕ ಸೊತ್ತು ತಮ್ಮದೆಂದು ವಕೀಲರು. ತಮ್ಮ ನೆಲದ ಮೇಲೆ ಹುಟ್ಟಿದ್ದು ತಮ್ಮದೆಂದು ಸಾವ್ಕಾರರು. ಬಳ್ಳಾರಿಗೆ ಹೋಗುವ ಕಡೆಯ ಬಸ್ಸು ಹೋದರೂ ವಾದ ಮುಗಿಯಲಿಲ್ಲ. ಇಬ್ಬರೂ ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವರಲ್ಲ.

೩. ಬನ್ನಿ ಹಬ್ಬದ ಯುದ್ಧ

ಹೀಗೆ ಒಂದು ಆಟವೂ ಮುಗಿಯುತ್ತಿರಲಿಲ್ಲ. ಗಿಡದ ಹಿಂದಿನ ಸಿಪಾಯಿ ಕಾಣುತ್ತಾನೋ ಇಲ್ಲವೋ ಎಂಬ ವಾದದಲ್ಲೇ ಹೊತ್ತು ಮುಳುಗುತ್ತಿತ್ತು. ಇಸ್ಪೀಟಿನವರಿಗೆ ಆ ದೊಡ್ಡ ಮೇಜಿನ ಮೇಲೆ ಕಣ್ಣು. ಅವರು ಕ್ಲಬ್ಬಿನ ಅಧ್ಯಕ್ಷರಾದ ಡಾಕ್ಟರರ ಬಳಿ ದೂರು ಒಯ್ದರು. ಡಾಕ್ಟರರು ಒಂದೇ ಮಾತು ಹೇಳಿದರು: ವಿಜಯದಶಮಿಯ ದಿನ ಎಲ್ಲರೆದುರು ಆಡಬೇಕು, ಊಟದ ಗಂಟೆ ಹೊಡೆಯುವುದರೊಳಗೆ ಆಟ ಮುಗಿಯಬೇಕು. ಮುಗಿಯದಿದ್ದರೆ ಮೇಜು ಇಸ್ಪೀಟಿನವರಿಗೆ, ಸಿಪಾಯಿಗಳು ಅಟ್ಟಕ್ಕೆ.

ಸಾವ್ಕಾರರ ಮುಖ ಬಾಡಿತು. ವಾರಕ್ಕೊಮ್ಮೆ ಅವರು ಬಸ್ಸು ಹತ್ತಿ ಬರುತ್ತಿದ್ದದ್ದೇ ಈ ಆಟಕ್ಕೆ. “ಅಯ್ಯನೋರ, ನೀವ ಏನಾರ ಮಾಡ್ರಿ” ಎಂದರು. ನನಗೆ ಬರುವುದು ಪೂಜೆ. ಆಯುಧಪೂಜೆಯ ದಿನ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನಿಗೂ ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದೆ. ಹೆಬ್ಬೆರಳುದ್ದದವನಿಗೆ ಮೂರು ಬೆರಳು ಎಳೆದರೆ ಟೋಪಿಯಿಂದ ಬೂಟಿನವರೆಗೆ ಬರುತ್ತದೆ. ಮರುದಿನ ನೋಡಿದರೆ ಕೆಂಪಿಲ್ಲ, ನೀಲಿಯಿಲ್ಲ. ಎಲ್ಲರೂ ಬೆಳ್ಳಗೆ ಶಿವಗಣಗಳು.

ಒರೆಸೋಣ ಎಂದರು ಯಾರೋ. ಬನ್ನಿ ಮುಡಿಯುವವರೆಗೆ ಪೂಜೆಯ ವಿಭೂತಿ ಅಳಿಸಬಾರದೆಂದು ಸಾವ್ಕಾರರು ಕೆನ್ನೆ ಬಡಿದುಕೊಂಡರು. ವಕೀಲರೂ ಹೂಂ ಎಂದರು.

ಸೇತುವೆಯವರೆಗೆ ಎರಡೂ ಪಡೆ ಬೇರೆಬೇರೆಯಾಗಿದ್ದವು. ಸೇತುವೆಯ ಮೇಲೆ ಕಲೆತವು ನೋಡಿ, ಆಮೇಲೆ ಯಾರು ಯಾರೆಂದು ಶಿವನೇ ಬಲ್ಲ. ಆದರೆ ಒಂದು ಪವಾಡವಾಯಿತು. ಗಿಡದ ಹಿಂದೆ ನಿಂತವನು ಯಾರ ಕಡೆಯವನೆಂದು ತಿಳಿಯದೆ ವಕೀಲರು ಯಾರ ಪರ ವಕಾಲತ್ತು ಮಾಡಬೇಕು? ಬಾಯಿ ಮುಚ್ಚಿ ದಾಳ ಹಾಕಿದರು. ಸಾವ್ಕಾರರೂ ಹಾಕಿದರು. ಗಂಟೆಗೆ ತುಸು ಮುಂಚೆ ಸಾವ್ಕಾರರ ನಾಲ್ವರು ಒಬ್ಬ ಕುದುರೆ ಸವಾರನನ್ನು ಸುತ್ತುಗಟ್ಟಿದರು.

“ಹಿಡಿದ್ರಿ. ನಾ ಸೋತೆ” ಎಂದರು ವಕೀಲರು. ಗಂಟೆ ಹೊಡೆಯಿತು.

ಸಂಜೆ ಬನ್ನಿ ಮುಡಿದು ಬಂದು ಸೆರೆಯಾಳನ್ನು ಒರೆಸಿದೆ. ನೆಪೋಲಿಯನ್. ಸುತ್ತುಗಟ್ಟಿದವರಲ್ಲಿ ಇಬ್ಬರು ಕೆಂಪು, ಇಬ್ಬರು ನೀಲಿ.

ಇದು ಆಟವೇ ಅಲ್ಲ, ಮೇಜು ನಮ್ಮದು ಎಂದು ಇಸ್ಪೀಟಿನವರು ಎದ್ದರು. ಇತ್ತ ನನ್ನ ಸೇನಾಪತಿಯೇ ಸಿಕ್ಕಿಬಿದ್ದ, ಗೆದ್ದವರು ವಕೀಲರು ಎಂದು ಸಾವ್ಕಾರರು. ನಾನು ಸೋತೆನೆಂದು ಒಪ್ಪಿಯಾಯಿತು, ಗೆದ್ದವರು ಸಾವ್ಕಾರರು ಎಂದು ವಕೀಲರು. ಡಾಕ್ಟರರು ಕೈಯೆತ್ತಿದರು:

“ಯಾರರ ಗೆಲ್ರಿ. ಆಟ ಮುಗೀತೊ ಇಲ್ಲೊ?”

“ಮುಗೀತು” ಎಂದರು ಇಬ್ಬರೂ. ಅವರಿಬ್ಬರು ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇಜು ಉಳಿಯಿತು. “ನೋಡ್ರಿ, ವಿಭೂತಿ ಬಿದ್ದ ಮ್ಯಾಲ ಪರಂಗಿಯವರೂ ಒಂದಾದ್ರು” ಎಂದು ಸಾವ್ಕಾರರು ನನ್ನ ಕಾಲು ಮುಟ್ಟಿದರು. ಮರುವರ್ಷ ಆಯುಧಪೂಜೆಗೆ ನಾನು ವಿಭೂತಿ ಬಟ್ಟಲು ಹಿಡಿದು ಬರುವುದನ್ನು ಕಂಡು, ಇಸ್ಪೀಟಿನವರು ತಮ್ಮ ಎಲೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.

ಕೇಳಿದ ನಿಮಗೂ ಈ ಬನ್ನಿ ಎಲೆ. ಕೆಂಪಂಗಿಯವರಿರಲಿ ನೀಲಿಯಂಗಿಯವರಿರಲಿ, ನಿಮ್ಮ ನಿಮ್ಮ ಮನೆಯಲ್ಲಿ ವಾದಗಳು ಊಟದ ಗಂಟೆಯೊಳಗೆ ಮುಗಿಯಲಿ. ಬಸವಣ್ಣ ನಿಮ್ಮೆಲ್ಲರನ್ನೂ ಬಂಗಾರದ್ಹಂಗ ಇಡಲಿ.