ಚಿಕ್ಕಪ್ಪನ ನಡಿಗೆಗಳು

ನಮ್ಮ ಚಿಕ್ಕಪ್ಪನಿಗೆ ಬಾರದ ಕಾಯಿಲೆಯೇ ಇಲ್ಲ. ಕಳೆದ ವರ್ಷ ಅವರನ್ನು ಹಾಸನದ ಬೀದಿಗಳಲ್ಲಿ ನೋಡಿದವರು ಈ ಮಾತನ್ನು ಖಂಡಿತ ಒಪ್ಪುತ್ತಾರೆ. ಸೋಮವಾರ ಲಕ್ವ ಹೊಡೆದು ಎಡಗಾಲು ಎಳೆಯುತ್ತಿದ್ದರು. ಬುಧವಾರ ಸೊಂಟದ ಸ್ನಾಯು ಸೋತು ಬಾತುಕೋಳಿಯಂತೆ ವಾಲುತ್ತಿದ್ದರು. ಶುಕ್ರವಾರ ಪಾದದ ನರ ಕೈಕೊಟ್ಟು, ಕೆಸರು ಗದ್ದೆಗೆ ಇಳಿದವರ ಹಾಗೆ ಹೆಜ್ಜೆ ಎತ್ತೆತ್ತಿ ಇಡುತ್ತಿದ್ದರು. ಭಾನುವಾರ ಮಾತ್ರ ಪೂರ್ತಿ ಗುಣ, ಏಕೆಂದರೆ ಅಂದು ಮನೆಯಲ್ಲಿ ಕೋಳಿಸಾರು!

ಚಿಕ್ಕಪ್ಪ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಗೌರವಸ್ಥರು ಏನು ಮಾಡುತ್ತಾರೆ? ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಪೇಪರ್ ಓದಿ ಸರ್ಕಾರವನ್ನು ಬೈಯುತ್ತಾರೆ. ಇವರು ರೀಲ್ಸ್ ಮಾಡಲು ಹೊರಟರು. ಈಗಿನ ಹುಡುಗರು ರೋಗಿಯನ್ನು ನೋಡುವುದಿಲ್ಲ, ಸ್ಕ್ಯಾನ್ ಮಾತ್ರ ನೋಡುತ್ತಾರೆ ಎಂಬುದು ಅವರ ಹಳೆಯ ಕೊರಗು.

"ರೋಗಿ ಬಾಗ್ಲಿಂದ ಕುರ್ಚಿವರ್ಗೂ ನಡ್ಕಂಡು ಬತ್ತಾನಲ್ಲ, ಅಷ್ಟರಲ್ಲೇ ಅರ್ಧ ಹೇಳ್ಬುಟ್ಟಿರ್ತಾನೆ ಕಣವ್ವ. ಆಗ ಈ ಐಕ್ಳು ತಲೆ ಬಗ್ಗಿಸ್ಕಂಡು ಮೊಬೈಲ್ ನೋಡ್ತಿರ್ತವೆ. ಅದ್ಕೇ ನಾನೂ ಮೊಬೈಲ್ ಒಳಿಕ್ಕೇ ಓಗಿ ಕೂತ್ಕತೀನಿ. ತಪ್ಪಿಸ್ಕಂಡು ಎಲ್ಲಿಗೆ ಓಯ್ತವೆ ನೋಡ್ತೀನಿ" ಎಂದರು.

ಆದರೆ ರೋಗಿಗಳ ವಿಡಿಯೊ ಹಾಕಬಾರದು ಎಂದು ಅವರದೇ ಕಟ್ಟುನಿಟ್ಟು. ಕಷ್ಟದಲ್ಲಿ ಬಂದವರ ಮಾನ ಊರಿಗೆಲ್ಲ ಹಂಚುವುದಕ್ಕಲ್ಲ ಎನ್ನುತ್ತಿದ್ದರು. ಹಾಗಾಗಿ ಎಲ್ಲ ರೋಗಗಳನ್ನೂ ಅವರೇ ನಟಿಸುವುದು ಎಂದಾಯಿತು. ನಾನು ಹೈಸ್ಕೂಲಿನ ಕನ್ನಡ ಮೇಡಂ. ಅವರ ಮನೆಯ ಹಿಂದಿನ ಬೀದಿಯಲ್ಲಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ ವಿಡಿಯೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಪ್ಪ ನಡೆಯುತ್ತಿದ್ದರು, ನಾನು ಮೊಬೈಲ್ ಹಿಡಿದು ಹಿಂದೆ ಓಡುತ್ತಿದ್ದೆ. ಕೊನೆಗೆ ಅವರು ತಿರುಗಿ ನಿಂತು, "ನನಗೆ ಏನಾಗಿದೆ? ಕಾಮೆಂಟಲ್ಲಿ ಬರೀರಿ" ಎನ್ನುತ್ತಿದ್ದರು. ವೈದ್ಯಕೀಯ ವಿದ್ಯಾರ್ಥಿಗಳು ಉತ್ತರ ಬರೆಯುತ್ತಿದ್ದರು. ವಿದ್ಯಾರ್ಥಿಗಳಲ್ಲದವರು, "ಬೇಗ ಗುಣವಾಗಲಿ ತಾತ" ಎಂದು ಹಾರೈಸುತ್ತಿದ್ದರು.

ಮೊದಲ ಅನಾಹುತ ಬಂದದ್ದು ಚಿಕ್ಕಮ್ಮನ ತವರೂರು ಅರಕಲಗೂಡಿನಿಂದ. ಲಕ್ವದ ರೀಲನ್ನು ಯಾರೋ ತಲೆಬುಡ ಕತ್ತರಿಸಿ, ಕಾಲು ಎಳೆಯುವ ಭಾಗವನ್ನಷ್ಟೇ ಅಲ್ಲಿನ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಮರುದಿನ ಬೆಳಿಗ್ಗೆ ಮನೆ ಮುಂದೆ ಒಂದು ಟೆಂಪೊ ಬಂದು ನಿಂತಿತು. ಚಿಕ್ಕಮ್ಮನ ಅಣ್ಣ, ಅತ್ತಿಗೆ, ಅವರ ಹಿಂದೆ ಅರ್ಧ ಊರು. ಹೆಂಗಸರು ಸೆರಗಿನ ತುದಿಯನ್ನು ಆಗಲೇ ಕಣ್ಣಿನ ಹತ್ತಿರ ಹಿಡಿದಿದ್ದರು. ಲಕ್ವದ ರೋಗಿ ಎಲ್ಲಿ? ಏಣಿ ಹತ್ತಿ, ತಾರಸಿ ಮೇಲಿನ ನೀರಿನ ಟ್ಯಾಂಕ್ ತೊಳೆಯುತ್ತಿದ್ದರು.

ಭಾವಮೈದುನನ ಮುಖದಲ್ಲಿ ಕಂಡದ್ದು ಸಂತೋಷವೋ ನಿರಾಸೆಯೋ ಹೇಳುವುದು ಕಷ್ಟ. "ಅಲ್ಲಾ ಭಾವ, ಎಣ್ಣೆ ಬೇರೆ ಕಾಯಿಸ್ಕಂಡು ತಂದ್ಬುಟ್ಟಿದ್ದೀವಲ್ಲ" ಎಂದರು.

"ನಂಗೇನೂ ಆಗಿಲ್ಲ ಕಣಯ್ಯ. ಅದು ಪಾಠ."

"ಪಾಠನೋ ಗೀಠನೋ. ತಂದಿರೋ ಎಣ್ಣೆ ವಾಪಸ್ ತಗಂಡೋಗೋಕಾಯ್ತದಾ? ಕಾಲು ನೀಡಿ."

ನರಗಳ ಬಗ್ಗೆ ಜೀವಮಾನವಿಡೀ ಪಾಠ ಹೇಳಿದ ಮನುಷ್ಯ ಜಗುಲಿಯ ಮೇಲೆ ಕಾಲು ಚಾಚಿ ಕುಳಿತರು. ಇಲ್ಲದ ಲಕ್ವಕ್ಕೆ ಎಣ್ಣೆ ತಿಕ್ಕಿಸಿಕೊಂಡರು. ಅದರ ವಾಸನೆಗೆ ಪಕ್ಕದ ಮನೆಯ ನಾಯಿ ಎಷ್ಟೋ ದಿನ ಈ ಕಡೆ ಸುಳಿಯಲಿಲ್ಲ.

ಆಮೇಲೆ ಕಿರುಮೆದುಳಿನ ತೊಂದರೆಯ ನಡಿಗೆ ಬಂತು. ಅದರಲ್ಲಿ ಕಾಲು ಅಗಲಿಸಿ, ಕುಡಿದವರ ಹಾಗೆ ತೂರಾಡಬೇಕು. ಬೆಳಕು ಚೆನ್ನಾಗಿದೆ ಎಂದು ಅವರು ಆರಿಸಿದ ಜಾಗದ ಹಿಂದೆ ಒಂದು ಬಾರ್ ಇತ್ತು. ನಾನು ಬೋರ್ಡ್ ನೋಡಿರಲಿಲ್ಲ, ನೆರೆಮನೆಯ ನಿವೃತ್ತ ಮ್ಯಾನೇಜರು ನೋಡಿದ್ದರು. ಸಂಜೆ ಅವರು ಚಿಕ್ಕಮ್ಮನ ಬಳಿ ಬಂದು, "ಅಮ್ಮಾ, ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ. ರಿಟೈರ್ ಆದ ಮೇಲೆ ಕೆಲವರಿಗೆ ಹೀಗಾಗುತ್ತೆ" ಎಂದು ಸಮಾಧಾನ ಹೇಳಿದರು. ಚಿಕ್ಕಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಚಿಕ್ಕಪ್ಪನಿಗೆ ಅವತ್ತು ಕಾಫಿ ಸಿಗಲಿಲ್ಲ.

ಹೊಳೆನರಸೀಪುರದ ಬೀಗರೂಟದಲ್ಲಂತೂ ಕೈ ತೊಳೆಯಲು ಎದ್ದವರನ್ನೆಲ್ಲ ಛತ್ರದ ಪಡಸಾಲೆಯಲ್ಲಿ ಒಬ್ಬೊಬ್ಬರಾಗಿ ನಡೆಸಿದರು. ವಿಡಿಯೊ ಇಲ್ಲ, ನಡಿಗೆ ನೋಡಿ ಕಾಯಿಲೆ ಹೇಳುವ ಅಭ್ಯಾಸ ಅಷ್ಟೇ ಎಂದರು. ನೆಂಟರಿಗೆ ಅದು ಊಟಕ್ಕಿಂತ ರುಚಿಸಿತು. ಗಂಡಿನ ಸೋದರಮಾವ ಸಾಲಿನಲ್ಲಿ ಮತ್ತೊಮ್ಮೆ ಬಂದು ನಿಂತು, "ನಂದು ಯಾವ ಕಾಯಿಲೆ ಸಾ, ಸರ್ಯಾಗಿ ನೋಡೇಳಿ" ಎಂದು ಪಟ್ಟುಹಿಡಿದರು.

ಚಿಕ್ಕಪ್ಪ ಅವರನ್ನು ಆ ತುದಿಯಿಂದ ಈ ತುದಿಗೆ ನಡೆಸಿ ಗಂಭೀರವಾಗಿ ನೋಡಿದರು. "ನಿಂದು ಕಾಯಿಲೆ ಅಲ್ಲಪ್ಪ, ಮಟನ್ನು. ನಾಳೆ ವತ್ತಿಗೆ ಸರಿಯಾಯ್ತದೆ."

ಹೀಗೆ ರೋಗಗಳೆಲ್ಲ ಮುಗಿಯುತ್ತ ಬಂದಾಗ ಅವರಿಗೊಂದು ಹೊಸ ಯೋಚನೆ ಬಂತು. ಆರೋಗ್ಯವಂತನ ನಡಿಗೆ ಹಾಕಿ, ಏನು ಕಾಯಿಲೆ ಎಂದು ಕೇಳುವುದು! "ಏನೂ ಇಲ್ದಿದ್ರೆ ಏನೂ ಇಲ್ಲ ಅನ್ನೋಕೂ ಎದೆಗಾರಿಕೆ ಬೇಕು ಕಣವ್ವ. ನೋಡಾನ, ಯಾರ್ಗದೆ ಅಂತ." ಇಸ್ತ್ರಿ ಅಂಗಿ ತೊಟ್ಟು, ಶೂ ಹಾಕಿ, ಮನೆ ಮುಂದಿನ ರಸ್ತೆಯಲ್ಲಿ ತಮ್ಮ ಸಹಜ ನಡಿಗೆಯಲ್ಲಿ ನಡೆದರು. ನಾನು ವಿಡಿಯೊ ತೆಗೆದೆ.

ಹುಡುಗರು ಬಲೆಗೆ ಬಿದ್ದರು. ಒಬ್ಬ ಮಂಡಿ ಸವೆದಿದೆ ಎಂದ, ಇನ್ನೊಬ್ಬ ಚಪ್ಪಟೆ ಪಾದ ಎಂದ, ಮತ್ತೊಬ್ಬ ಶೂ ಬಿಗಿಯಾಗಿದೆ ಎಂದ. ಚಿಕ್ಕಪ್ಪ ಓದಿ ಓದಿ ನಕ್ಕರು. ಮರುದಿನ ಉತ್ತರ ಹಾಕಿದರು: 'ಏನೂ ಇಲ್ಲ. ಎಲ್ಲರೂ ಫೇಲ್.'

ಸ್ವಲ್ಪ ಹೊತ್ತಿಗೆ ಅವರೊಬ್ಬರಿಗೇ ಒಂದು ಮೆಸೇಜ್ ಬಂತು. ಬರೆದವಳು ಚನ್ನರಾಯಪಟ್ಟಣದ ಕಡೆಯ ಹುಡುಗಿ, ಡಾಕ್ಟರ್ ಓದು ಮುಗಿಸಿ ಹಾಸನದಲ್ಲೇ ಹೌಸ್ ಸರ್ಜನ್. 'ತಪ್ಪು ತಿಳಿಯಬೇಡಿ ಸರ್. ನಿಮ್ಮ ಬಲಗೈ ನೋಡಿ.'

"ಬಲಗೈಗೆ ಏನಾಗದೆ? ತಿನ್ನೋಕ್ ಬತ್ತದೆ, ಬರೆಯೋಕ್ ಬತ್ತದೆ" ಎಂದು ಗೊಣಗುತ್ತಲೇ ಚಿಕ್ಕಪ್ಪ ವಿಡಿಯೊ ಹಾಕಿಸಿದರು. ನಾನೂ ಬಗ್ಗಿ ನೋಡಿದೆ. ಹೆಜ್ಜೆಗೆ ತಕ್ಕಂತೆ ಎಡಗೈ ಹಿಂದೆ ಮುಂದೆ ಬೀಸುತ್ತಿತ್ತು. ಬಲಗೈ ಪಕ್ಕಕ್ಕೆ ಅಂಟಿಕೊಂಡಂತೆ ಸುಮ್ಮನೆ ತೂಗುತ್ತಿತ್ತು.

"ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಅವರು ಎದ್ದು ಅಂಗಳದಲ್ಲಿ ಗೇಟಿನವರೆಗೆ ನಡೆದು ಬಂದರು. ಈ ಸಲ ಬಲಗೈಯನ್ನು ಬೇಕೆಂದೇ ಜೋರಾಗಿ ಬೀಸುತ್ತಿದ್ದರು. ಅರ್ಧ ದಾರಿಗೆ ಅದು ಮರೆತು, ಕೈ ಮತ್ತೆ ಪಕ್ಕಕ್ಕೆ ಬಂದು ನಿಂತಿತು. ಒಂದು ವರ್ಷ ಅವರ ಹಿಂದೆಯೇ ಓಡಾಡಿದ ನನಗೆ ಅದು ಅವತ್ತೇ ಕಾಣಿಸಿದ್ದು.

ಹುಡುಗಿಗೆ ಫೋನ್ ಮಾಡಿ ಮನೆಗೆ ಕರೆದರು. ಭಾನುವಾರ ಅವಳು ಬಂದಳು, ಒಂದು ಚೀಲದಲ್ಲಿ ತಮ್ಮ ತೋಟದ ಎಳನೀರು ಹೊತ್ತುಕೊಂಡು. ಬೈಗುಳಕ್ಕೆ ಸಿದ್ಧವಾಗಿಯೇ ಬಂದಂತಿತ್ತು. ಚಿಕ್ಕಪ್ಪ ಬೈಯಲಿಲ್ಲ. "ನೋಡವ್ವ, ನಾನು ಈಗ ಮೇಷ್ಟ್ರಲ್ಲ, ರೋಗಿ. ಪರೀಕ್ಷೆ ಮಾಡು" ಎಂದರು. ನನ್ನ ಕಡೆ ತಿರುಗಿ, "ನೀನು ವಿಡಿಯೊ ತೆಗಿ, ಇದೂ ಪಾಠವೇ" ಎಂದರು.

ಅವಳು ಅವರ ಮಣಿಕಟ್ಟನ್ನು ತಿರುಗಿಸಿ ಬಿಗಿತ ನೋಡಿದಳು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಿಸಿದಳು, ಕುರ್ಚಿಯಿಂದ ಎಬ್ಬಿಸಿ ನಡೆಸಿದಳು. ಆಮೇಲೆ ಬಾಗಿಲ ಬಳಿ ನಿಂತು ನೆಲ ನೋಡುತ್ತ, "ಸರ್, ಅದು..." ಎಂದಳು.

"ನಿಂತ್ಕಂಡು ಹೇಳ್ಬಾರ್ದು. ರೋಗಿ ಹತ್ರ ಕೂತ್ಕೊ."

ಕುಳಿತಳು.

"ನೆಲಕ್ಕೆ ಹೇಳ್ಬೇಡ, ನನಗೆ ಹೇಳು."

ಅವಳು ತಲೆ ಎತ್ತಿದಳು. "ಸಾ, ಇದು ಪಾರ್ಕಿನ್ಸನ್ ಶುರು ಇರಬೋದು ಅನ್ನಿಸ್ತದೆ. ನರದ ಡಾಕ್ಟ್ರಿಗೆ ಒಂದ್ಸಲ ತೋರಿಸಿ ಗಟ್ಟಿ ಮಾಡ್ಕಬೇಕು. ಮಾತ್ರೆ ಅವೆ. ಹುಷಾರಾಗಿ ನೋಡ್ಕಂಡ್ರೆ ಬಾಳ ವರ್ಷ ಚೆನ್ನಾಗಿ ಓಡಾಡ್ಕಂಡಿರ್ಬೋದು."

ಚಿಕ್ಕಪ್ಪ ತಲೆಯಾಡಿಸಿದರು. "ಚೆನ್ನಾಗಿ ಹೇಳ್ದೆ. ಈಗ ರೋಗಿನ ಒಂದು ಮಾತು ಕೇಳ್ಬೇಕು. ಏನು?"

ಅವಳಿಗೆ ಹೊಳೆಯಿತು. "ನೀವೇನಾದ್ರೂ ಕೇಳ್ಬೇಕಾ ಸಾ?"

ಅಡುಗೆಮನೆಯಲ್ಲಿ ಚಿಕ್ಕಮ್ಮ ಮಸಾಲೆ ರುಬ್ಬುತ್ತಿದ್ದ ಮಿಕ್ಸಿಯ ಸದ್ದು ನಿಂತಿತು. ಚಿಕ್ಕಪ್ಪ ಆ ಕಡೆ ಒಮ್ಮೆ ನೋಡಿ, ಮೇಷ್ಟ್ರ ದನಿಯನ್ನೆಲ್ಲ ಬಿಟ್ಟು, ತೀರಾ ಮೆಲ್ಲಗೆ ಕೇಳಿದರು:

"ನಮ್ಮನೆಯೋಳಿಗೆ ನೀನೇ ಹೇಳ್ತೀಯೇನವ್ವ? ನನ್ನ ಕೈಲಾಗಾಕಿಲ್ಲ."

ನಾನು ಮೊಬೈಲ್ ಆಫ್ ಮಾಡಿದೆ. ಹುಡುಗಿ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. "ಅಮ್ಮ, ಒಂಚೂರು ಕೂತ್ಕತೀರಾ?" ಎಂದದ್ದು ಕೇಳಿಸಿತು. ಅದರ ಹಿಂದೆಯೇ, ಅವಳೂ ಕುಳಿತುಕೊಳ್ಳಲು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು.