ಬೆಳಕಿಂಡಿಯ ಅರಳೆ ಹೊತ್ತೊಯ್ದ ಅಳಿಲಮ್ಮನವರಿಗೆ

ಗೆ,
ಶ್ರೀಮತಿ ಅಳಿಲಮ್ಮನವರು,
ಪೇರಲ ಗಿಡ, ಮೂರನೆಯ ಕವಲು,
ಬಂದೇಸಾಬ ನದಾಫನ ಹಿತ್ತಲು, ಸವಣೂರು.

ವಿಷಯ: ಬಾಣಂತಿ ಕೋಣೆಯ ಬೆಳಕಿಂಡಿಗೆ ತುಂಬಿದ ಅರಳೆಯನ್ನು ತಾವು ಹಾಡಹಗಲೇ ಕಿತ್ತು ಒಯ್ದ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಬೆನ್ನ ಮೇಲಿನ ಮೂರು ಗೆರೆಗಳಿಗೂ, ಆ ಗೆರೆಗಳು ಮುಗಿದ ಮೇಲೂ ಮುಗಿಯದ ತಮ್ಮ ಬಾಲಕ್ಕೂ ಈ ಗಾದಿಗಾರನ ಅನಂತ ಸಲಾಮುಗಳು. ನಾವು ಕೆಳಗೆ ಕ್ಷೇಮ, ತಾವು ಮೇಲೆ ಕ್ಷೇಮವೆಂದು ನಂಬಿದ್ದೇನೆ. ಈ ಸಲದ ಪೇರಲ ಹಣ್ಣು ತಮಗೆ ರುಚಿಸಿರಬೇಕು. ಗಿಡ ನನ್ನದಾದರೂ ಹಣ್ಣು ನನ್ನವರೆಗೆ ಬಂದು ಮುಟ್ಟದ ಕಾರಣ ಆ ಕುರಿತು ಹೆಚ್ಚಿಗೆ ಬರೆಯಲಾರೆ; ಈ ಪತ್ರದ ವಿಷಯವೂ ಅದಲ್ಲ.

ಮೊದಲು ನನ್ನ ಪರಿಚಯ. ನನ್ನ ಅಜ್ಜ ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಅರಳೆ ಹಿಂಜಿದವರು, ನನ್ನ ಅಪ್ಪ ಅದೇ ಬಿಲ್ಲಿನಿಂದ ಅರ್ಧ ಸವಣೂರನ್ನು ಮೆತ್ತಗೆ ಮಲಗಿಸಿದವರು, ನಾನು ಹಿಂಜುವ ಯಂತ್ರ ತಂದು ಉಳಿದ ಅರ್ಧವನ್ನು ಮಲಗಿಸಿದವನು. ಗಾದಿ ಹೊಲಿಸಲು ಬಂದವರಿಗೆಲ್ಲ ನಾನು ಮೂವತ್ತು ವರ್ಷಗಳಿಂದ ಒಂದೇ ಉಪದೇಶ ಮಾಡುತ್ತ ಬಂದಿದ್ದೇನೆ: ಗಾದಿಯನ್ನು ಗಟ್ಟಿ ತುಂಬಿಸಬೇಡಿ, ಅರಳೆಯೊಳಗೆ ಒಂದಿಷ್ಟು ಗಾಳಿ ಇದ್ದರೇನೇ ಅದು ಬೆಚ್ಚಗಿರುತ್ತದೆ, ಗಾಳಿ ಸತ್ತ ಗಾದಿ ಕಲ್ಲು ಚಪ್ಪಡಿ. ಈ ಉಪದೇಶವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಇಡಲಿಲ್ಲ.

ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ ಎಂಬುದನ್ನು ಅದರ ನೆತ್ತಿಯ ಮೇಲೆ ದಿನಕ್ಕೆ ನಲವತ್ತು ಸಲ ಓಡಾಡುವ ತಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಷ್ಟು ತಂಪಾದ ಮನೆ ಓಣಿಯಲ್ಲೇ ಇಲ್ಲ. ಸಂಕ್ರಾಂತಿಯ ಆಚೀಚೆ ಮಾತ್ರ ಮೂಡಣ ಗಾಳಿಯು ಕಿಟಕಿಯ ಸಂದಿಯಲ್ಲಿ ನುಸುಳಿ, ಬಾಗಿಲ ಅಡಿಯಲ್ಲಿ ತೂರಿ, ಬೆಳಕು ಬರಲಿ ಹೊಗೆ ಹೋಗಲಿ ಎಂದು ನನ್ನ ಅಜ್ಜ ಮಾಳಿಗೆಗೆ ಬಿಟ್ಟ ಗೇಣಗಲದ ಬೆಳಕಿಂಡಿಯಿಂದ ಧುಮುಕಿ, ಕರೆಯದ ನೆಂಟನ ಹಾಗೆ ನೇರ ಒಳಕೋಣೆಗೇ ಹೋಗಿ ಕೂಡುತ್ತದೆ. ಪ್ರತಿ ವರ್ಷ ನಾವು ಎರಡು ಕೌದಿ ಹೊದ್ದು ಸುಮ್ಮನಿರುತ್ತಿದ್ದೆವು. ಈ ವರ್ಷ ಆ ಒಳಕೋಣೆಯಲ್ಲಿ ನನ್ನ ಮಗಳು ದಿಲ್ಶಾದ, ತನ್ನ ಚೊಚ್ಚಲ ಕೂಸು ಮಾಸೂಮಾಳನ್ನು ಮಗ್ಗುಲಲ್ಲಿ ಹಾಕಿಕೊಂಡು, ನಲವತ್ತು ದಿನದ ಬಾಣಂತನಕ್ಕೆ ಮಲಗಿದ್ದಳು.

ಬಾಣಂತಿಯ ಕೋಣೆ ಎಂದರೆ ನಮ್ಮಲ್ಲಿ ಹೇಗೆಂದು ತಮಗೂ ಗೊತ್ತಿದ್ದೀತು. ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ಮಂಚದ ಕೆಳಗೆ ಇದ್ದಲಿನ ಶೇಗಡಿ, ಸ್ನಾನವಾದ ಮೇಲೆ ಲೋಬಾನದ ಹೊಗೆ. ನನ್ನ ಹೆಂಡತಿ ಜನ್ನತಬಿ ಮೊದಲ ದಿನವೇ ಆಜ್ಞೆ ಹೊರಡಿಸಿದಳು: “ಈ ಕ್ವಾಣಿಗೆ ಸೂಜಿಯಷ್ಟು ಗಾಳಿ ಬಂದ್ರೂ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ.” ಇದೊಂದೇ ಆಗಿದ್ದರೆ ನಾನು ಸ್ವಲ್ಪ ಗಾಳಿ ಬಿಟ್ಟುಕೊಂಡು ಶಾಂತಿಯಿಂದ ಇರುತ್ತಿದ್ದೆನೇನೋ. ಆದರೆ ದಿಲ್ಶಾದಳೂ ಬಾಯಿ ಹಾಕಿದಳು. “ಅಪ್ಪಾ, ತಡಸದಾಗ ನಮ್ಮ ಮನಿ ಕಿಡಕಿ ಸರಿಸಿದ್ರ ಗಾಳಿ ಒಟ್ಟ ಬರಂಗಿಲ್ಲ. ಕೂಸಿಗೆ ನೆಗಡಿ ಆತಂದ್ರ ನಾ ಅಲ್ಲಿಗೇ ಹೊಕ್ಕೇನಿ ನೋಡು.”

ಮಾನ್ಯರೇ, ಅಳಿಯ ಇರ್ಫಾನನ ತಡಸದ ಮನೆ ಹೋದ ವರ್ಷ ಕಟ್ಟಿದ್ದು, ಸಿಮೆಂಟಿನದು, ಗಾಜಿನ ಕಿಟಕಿಯದು. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಊರಿಗೆಲ್ಲ ಬೆಚ್ಚಗೆ ಹೊದಿಸಿದ ನಾನು ಹೆತ್ತ ಮಗಳನ್ನು ನಲವತ್ತು ದಿನ ಬೆಚ್ಚಗಿಡಲಾರದೆ ಹತ್ತನೆಯ ದಿನಕ್ಕೆ ಕಳಿಸಿಕೊಟ್ಟೆ ಎಂದಾದರೆ ಅಂಗಡಿಯಲ್ಲಿ ಯಾವ ಮುಖ ಹೊತ್ತು ಕೂಡಲಿ? ಅಲ್ಲದೆ ಆ ಕೂಸು ನನ್ನ ಕಿರುಬೆರಳನ್ನು ಹಿಡಿದರೆ ಬಿಡುತ್ತಿರಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಿರಲಿಲ್ಲ.

ಆದ್ದರಿಂದ ನಾನು ಗಾಳಿಯ ಮೇಲೆ ಯುದ್ಧ ಹೂಡಿದೆ. ಊದುಬತ್ತಿ ಹಚ್ಚಿ ಹಿಡಿದು, ಹೊಗೆ ಎಲ್ಲೆಲ್ಲಿ ಅಲುಗುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಇಪ್ಪತ್ತಮೂರು ಸಂದಿಗಳನ್ನು ಕಂಡುಹಿಡಿದು, ಇಪ್ಪತ್ತಮೂರಕ್ಕೂ ಅರಳೆ ತುಂಬಿದೆ. ಬಾಗಿಲ ಅಡಿಗೆಂದು ಗಾದಿ ಬಟ್ಟೆಯ ಚೂರಿನಲ್ಲಿ ಮಾರುದ್ದದ ಸಣಕಲು ದಿಂಬೊಂದನ್ನು ಹೊಲಿದೆ. ಬಟ್ಟೆಗೆ ಕಪ್ಪು ಪಟ್ಟಿಗಳಿದ್ದುದರಿಂದ, ಕೂಸನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಭಾಗ್ಯಶ್ರೀ ಅದರ ಮೇಲೆ ಕಾಲಿಟ್ಟವಳು ಹಾವೆಂದು ತಿಳಿದು ನೇರ ಜೋಳದ ಚೀಲದ ಮೇಲೆ ಹೋಗಿ ನಿಂತಳು. ಅಲ್ಲಿಂದಲೇ ಬಹಳ ಸಮಾಧಾನದಿಂದ, “ಕಾಕಾ, ಮೊದಲ ಅದನ್ನ ಸರಸ್ರಿ, ಆಮ್ಯಾಲೆ ಕೂಸಿನ್ನ ತೂಗೋಣು” ಎಂದಳು. ಕೊನೆಗೆ ಏಣಿ ಹಾಕಿ ಮಾಳಿಗೆ ಹತ್ತಿ, ಬೆಳಕಿಂಡಿಗೆ ಎರಡು ಕಿಲೋ ಉತ್ತಮ ಅರಳೆ ತುರುಕಿ, ಕೈ ಝಾಡಿಸಿಕೊಂಡು ಇಳಿದೆ.

ತಾವು ನನ್ನ ಜೀವನದಲ್ಲಿ ಪ್ರವೇಶಿಸಿದ್ದು ಮರುದಿನ ಬೆಳಿಗ್ಗೆ ಎಂಟೂವರೆಗೆ. ತಮ್ಮ ಕಾರ್ಯದಕ್ಷತೆಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲವಾದರೂ ಪ್ರಯತ್ನಿಸುತ್ತೇನೆ. ತಾವು ಒಂದು ದಿನವೂ ತಡವಾಗಿ ಬರಲಿಲ್ಲ. ಚಹಾಕ್ಕೆಂದು ಎದ್ದು ಹೋಗಲಿಲ್ಲ. ನಾಳೆ ಬರ್ರಿ ಎಂದು ಯಾರಿಗೂ ಹೇಳಲಿಲ್ಲ. ಹಿಡಿ ಹಿಡಿ ಅರಳೆಯನ್ನು ಮೀಸೆಯ ಹಾಗೆ ಬಾಯಿಗೆ ಕಟ್ಟಿಕೊಂಡು ಬೆಳಕಿಂಡಿಯಿಂದ ಪೇರಲ ಗಿಡಕ್ಕೆ, ಪೇರಲ ಗಿಡದಿಂದ ಬೆಳಕಿಂಡಿಗೆ ತಿರುಗುತ್ತ ಮಧ್ಯಾಹ್ನದ ನಮಾಜಿನೊಳಗೆ ಎರಡು ಕಿಲೋ ಖಾಲಿ ಮಾಡಿದಿರಿ. ನಾನು ಸಂಜೆ ಮತ್ತೆ ತುಂಬಿದೆ, ತಾವು ಬೆಳಿಗ್ಗೆ ಮತ್ತೆ ತೆಗೆದಿರಿ. ಹೀಗೆ ನಾಲ್ಕು ದಿನ ನಾವಿಬ್ಬರೂ ಒಬ್ಬರೊಡನೊಬ್ಬರು ಮಾತಾಡದೆ ಜೊತೆಯಾಗಿ ದುಡಿದೆವು.

ಇದರ ನಡುವೆ ಹಗ್ಗದ ಮೇಲೆ ಒಣಗಲು ಹಾಕಿದ ಕೂಸಿನ ಹಳದಿ ಕಾಲುಚೀಲಗಳಲ್ಲಿ ಒಂದು ಕಾಣೆಯಾಯಿತು. ಉಮೇದಿನಲ್ಲಿ ನಾನೇ ಅದನ್ನು ಯಾವುದೋ ಸಂದಿಗೆ ತುರುಕಿದ್ದೇನೆಂದು ಜನ್ನತಬಿ ತೀರ್ಮಾನಿಸಿ, ಎದುರಿಗೆ ನಿಂತು ಏಳು ಸಂದಿಗಳನ್ನು ಬಿಚ್ಚಿಸಿ ನೋಡಿದಳು. ಏಳನ್ನೂ ನಾನು ಮತ್ತೆ ತುಂಬಿದೆ. ಕಾಲುಚೀಲ ಸಿಗಲಿಲ್ಲವಾದ್ದರಿಂದ ಅಪರಾಧ ನನ್ನ ಹೆಸರಿನಲ್ಲೇ ಉಳಿಯಿತು.

ಐದನೆಯ ದಿನ ನಾನು ಸಭ್ಯತೆಯನ್ನು ಬಿಟ್ಟೆ ಎಂದು ತಮ್ಮೆದುರು ಒಪ್ಪಿಕೊಳ್ಳುತ್ತೇನೆ. ಅರಳೆಯನ್ನು ಗೋಣಿಚೀಲಕ್ಕೆ ಹಾಕಿ, ಚೀಲವನ್ನು ಬೆಳಕಿಂಡಿಗೆ ಒದ್ದು ಕೂಡಿಸಿ, ಮೇಲೆ ಹಂಚು ಮುಚ್ಚಿ, ಹಂಚಿನ ಸುತ್ತ ಕೆಸರು ಮೆತ್ತಿದೆ. ತಾವು ಪಕ್ಕದಲ್ಲಿ ಕುಳಿತು ಬಾಲ ಕುಣಿಸುತ್ತ ಒಂದೇ ಸಮನೆ ಏನೋ ಹೇಳುತ್ತಿದ್ದಿರಿ. ನಾನು ಅದನ್ನು ಬೈಗುಳವೆಂದು ತಿಳಿದೆ. ಈಗ ಅನಿಸುತ್ತದೆ, ಅದು ಸಲಹೆ ಇದ್ದೀತು.

ಯುದ್ಧ ಗೆದ್ದವನ ಹಾಗೆ ಇಳಿದು ಬಂದು ಊದುಬತ್ತಿ ಹಿಡಿದು ನೋಡಿದೆ. ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತ್ತು. ಜನ್ನತಬಿ ಮೊದಲ ಸಲ ನನ್ನತ್ತ ನೋಡಿ ತಲೆಯಾಡಿಸಿದಳು. ನಾನು ಅಂಗಡಿಗೆ ಹೋಗಿ, ಬಂದ ಗಿರಾಕಿಗಳಿಗೆಲ್ಲ ಕೇಳದಿದ್ದರೂ ಈ ವಿಷಯ ಹೇಳಿದೆ. ಮಧ್ಯಾಹ್ನ ಮನೆಗೆ ಬಂದಾಗ ಬಾಣಂತಿಯ ಕೋಣೆ ಖಾಲಿ ಇತ್ತು.

ದಿಲ್ಶಾದ ಕೂಸನ್ನು ಎದೆಗವಚಿಕೊಂಡು ತಮ್ಮ ಪೇರಲ ಗಿಡದ ಕೆಳಗೆ ಬಿಸಿಲಿನಲ್ಲಿ ಕುಳಿತಿದ್ದಳು. ಕಣ್ಣು ಕೆಂಪು, ತಲೆ ಸಿಡಿತ, ಕೆಮ್ಮು. ಶೇಗಡಿಯ ಕಾವು, ಲೋಬಾನದ ಹೊಗೆ, ಮೂರು ಜೀವಗಳ ಉಸಿರು ಯಾವುದಕ್ಕೂ ಹೊರಗೆ ಹೋಗಲು ದಾರಿ ಇಲ್ಲದೆ, ಕೋಣೆಯ ಗೋಡೆಗಳೆಲ್ಲ ಬೆವೆತು, ಗೂಡಿನಲ್ಲಿಟ್ಟ ದೀಪ ತಾನಾಗಿಯೇ ಆರಿತ್ತಂತೆ. ದೀಪ ಆರಿದ್ದು ನೋಡಿ ಜನ್ನತಬಿ ಇಬ್ಬರನ್ನೂ ಹೊರಗೆ ಎಳೆದು ತಂದಿದ್ದಳು. ಕೂಸು ಮಾತ್ರ ಹೊರಗಿನ ಗಾಳಿ ಕುಡಿದು, ತಮ್ಮನ್ನೇ ನೋಡುತ್ತ, ಆರಾಮವಾಗಿತ್ತು.

ಅದೇ ಹೊತ್ತಿಗೆ ಬಂದ ಭಾಗ್ಯಶ್ರೀ ಮೊದಲು ತಾಯಿ ಮಗುವನ್ನು ಪರೀಕ್ಷಿಸಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ನಂತರ ನನ್ನ ಕಡೆ ತಿರುಗಿದಳು. “ಕಾಕಾ, ಕೂಸಿಗೆ ಚಳಿನೂ ಆಗಬಾರ್ದು, ಉಸಿರೂ ಕಟ್ಟಬಾರ್ದು. ಮುಚ್ಚಿದ ಕ್ವಾಣ್ಯಾಗ ಕೆಂಡ ಇಟ್ರ ಜೀವಕ್ಕ ಕುತ್ತು. ಶೇಗಡಿ ಹೊರಗ ಇಡ್ರಿ, ಹೊಗಿ ಹಾಕೂದು ಬಿಡ್ರಿ. ಬೆಚ್ಚಗ ಬೇಕಂದ್ರ ಕೂಸಿನ್ನ ತಾಯಿ ಎದಿಗೆ ಹಚ್ಚಿ ಮಲಗಸ್ರಿ.” ಇದನ್ನು ನಾನು ತಲೆ ತಗ್ಗಿಸಿ ಕೇಳಿದೆ. ಆದರೆ ಅದಾದ ಮೇಲೆ ದಿಲ್ಶಾದ ಮೆಲ್ಲಗೆ ಹೇಳಿದ್ದು ನೇರ ಒಳಗೆ ಇಳಿಯಿತು. “ಅಪ್ಪಾ, ಗಟ್ಟಿ ತುಂಬಿದ ಗಾದಿ ಬೆಚ್ಚಗ ಇರಂಗಿಲ್ಲಂತ ಅಂಗಡ್ಯಾಗ ದಿನಾ ಹೇಳ್ತಿ. ಗಾದಿಗೆ ಹೇಳಿದ್ದು ಮನಿಗೆ ಯಾಕ ಮರತಿ?” ಹೇಳಿ, ಇರ್ಫಾನನಿಗೆ ಫೋನು ಹಚ್ಚಿ, ನಾಳೆ ಗಾಡಿ ತೆಗೆದುಕೊಂಡು ಬಾ ಎಂದಳು.

ಮಾನ್ಯರೇ, ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಬೇರೆಯವರ ಮೇಲೆ ಸಿಟ್ಟಾಗುತ್ತಾನೆ. ಕಳವಾದ ಎಂಟು ಕಿಲೋ ಅರಳೆಯನ್ನಾದರೂ ವಾಪಸು ತರುತ್ತೇನೆಂದು ಏಣಿ ಹಾಕಿಕೊಂಡು ತಮ್ಮ ಮೂರನೆಯ ಕವಲಿಗೆ ಹತ್ತಿದೆ. ಹೇಳದೆ ಕೇಳದೆ ತಮ್ಮ ಮನೆಯೊಳಗೆ ಹಣಿಕಿ ನೋಡಿದ್ದಕ್ಕೆ ಇಲ್ಲಿಯೇ ಕ್ಷಮೆ ಕೋರುತ್ತೇನೆ. ಒಳಗೆ ನನ್ನ ಹೆಬ್ಬೆರಳಿನಷ್ಟಿದ್ದ, ಕಣ್ಣು ತೆರೆಯದ ಮೂರು ಮರಿಗಳು ಒಂದರ ಮೇಲೊಂದು ಮಲಗಿದ್ದವು. ತಾವೂ ಬಾಣಂತಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಕೆಲಸದ ಮಾತು. ನನ್ನ ಅರಳೆಯನ್ನು ತಾವು ಎಳೆ ಎಳೆಯಾಗಿ ಬಿಡಿಸಿ, ಎಲ್ಲಿಯೂ ಗಂಟಿಲ್ಲದಂತೆ, ಎಲ್ಲಿಯೂ ಗಟ್ಟಿಯಾಗದಂತೆ ಸುತ್ತಲೂ ಹಾಸಿದ್ದಿರಿ. ನನ್ನ ಯಂತ್ರ ಹಾಗೆ ಹಿಂಜುವುದಿಲ್ಲ, ನನ್ನ ಅಜ್ಜನ ಬಿಲ್ಲು ಹಿಂಜುತ್ತಿತ್ತು. ಮೂಡಣ ಗಾಳಿಗೆ ಬೆನ್ನು ಮಾಡಿ, ಪಡುವಣಕ್ಕೆ ಒಂದು ಸಣ್ಣ ಬಾಗಿಲು ಬಿಟ್ಟಿದ್ದಿರಿ. ಮೇಲೆ ಎಲೆಗಳ ನಡುವೆ ಬೆರಳು ತೂರುವಷ್ಟು ಇನ್ನೊಂದು ಕಂಡಿ ಇತ್ತು. ಬೆರಳು ಒಳಗಿಟ್ಟೆ, ಕಾವಲಿಯಿಂದ ಈಗಷ್ಟೇ ತೆಗೆದ ರೊಟ್ಟಿಯ ಕಾವು. ಶೇಗಡಿ ಇಲ್ಲ, ಲೋಬಾನವಿಲ್ಲ, ಒಂದು ತುಂಡು ಇದ್ದಲಿನ ಖರ್ಚಿಲ್ಲ. ಅರಳೆಯನ್ನು ಅಲ್ಲಿಯೇ ಬಿಟ್ಟು ಕೈ ಬೀಸಿಕೊಂಡು ಕೆಳಗಿಳಿದೆ.

ಆ ಸಂಜೆಯೇ ತಮ್ಮ ನಕ್ಷೆಯ ಪ್ರಕಾರ ನನ್ನ ಮನೆಯ ರಿಪೇರಿ ಆಯಿತು. ಶೇಗಡಿ ಅಂಗಳಕ್ಕೆ ಹೋಯಿತು. ಮೂಡಣ ಗೋಡೆಯ ಸಂದಿಗಳಿಗೆ ತುಂಬಿದ್ದು ಹಾಗೇ ಉಳಿಯಿತು, ಪಡುವಣದ ಕಿಟಕಿಯ ಮೇಲಿನ ಎರಡು ಸಂದಿ ಬಿಚ್ಚಿದೆ. ಬಾಗಿಲ ದಿಂಬು ಇರುತ್ತದೆ. ಭಾಗ್ಯಶ್ರೀಗಾಗಿ ಅದಕ್ಕೆ ಗುಲಾಬಿ ಹೂವಿನ ಬಟ್ಟೆ ಹೊದಿಸಿದ್ದೇನೆ. ಬೆಳಕಿಂಡಿಯ ಕೆಸರು ಒಡೆದು, ಹಂಚನ್ನು ನಾಲ್ಕು ಕಲ್ಲುಗಳ ಮೇಲೆ ಎತ್ತಿ ಕೂಡಿಸಿದೆ, ಗಾಳಿ ಮೈಮೇಲೆ ಇಳಿಯುವುದಿಲ್ಲ, ಒಳಗಿನ ಉಸಿರು ಹೊರಗೆ ಹೋಗುತ್ತದೆ. ಹತ್ತರಿಂದ ಮೂರರವರೆಗೆ ಕಿಟಕಿ ತೆರೆದು ಬಿಸಿಲನ್ನು ಒಳಗೆ ಕರೆಯುತ್ತೇವೆ, ಬಿಸಿಲು ಹೊರಟ ಮೇಲೆ ಹಾಕುತ್ತೇವೆ. ದಿಲ್ಶಾದಳ ಗಾದಿಯನ್ನು ಬಿಚ್ಚಿ, ಅಜ್ಜನ ಬಿಲ್ಲನ್ನು ಗೋಡೆಯಿಂದ ಇಳಿಸಿ, ಕೈಯಾರೆ ಹಿಂಜಿ ತುಂಬಿದೆ. ಭುಜ ಇನ್ನೂ ನೋಯುತ್ತಿದೆ.

ಮರುದಿನ ಇರ್ಫಾನ ಗಾಡಿ ತಂದ. ಕೋಣೆಯೊಳಗೆ ಅರ್ಧ ತಾಸು ಕುಳಿತ. ಕೂಸು ತಾಯಿಯ ಎದೆಗೆ ಹತ್ತಿ ನಿದ್ದೆ ಮಾಡುತ್ತಿತ್ತು. ಅವನು ಗೋಡೆಗೆ ಕೈ ಹಚ್ಚಿ ನೋಡಿ, “ಇಲ್ಲೇ ಇರ್ಲಿ ಬಿಡ್ರಿ ಮಾವಾ. ನಮ್ಮ ಮನ್ಯಾಗ ಕಿಡಕಿ ಹಾಕಿದ್ರ ಗ್ವಾಡಿ ನೀರ ಇಳಿಸ್ತಾವು. ನೀವ ಒಮ್ಮಿ ಬಂದು ಎಲ್ಲಿ ಕಂಡಿ ಹೊಡೀಬೇಕಂತ ತೋರಿಸ್ರಿ” ಎಂದ. ಖಾಲಿ ಗಾಡಿ ತಡಸಕ್ಕೆ ವಾಪಸು ಹೋಯಿತು. ನಾನು ಹಿತ್ತಲಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಕಣ್ಣು ಒರೆಸಿಕೊಂಡೆ. ತಾವು ನೋಡುತ್ತಿದ್ದಿರಿ.

ಇಷ್ಟಾದರೂ ದೂರು ದೂರೇ. ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳೇನೆಂದರೆ, ತಾವು ಒಯ್ದ ಎಂಟು ಕಿಲೋ ಅರಳೆಗೆ ಬಾಲದಿಂದ ಸಹಿ ಮಾಡಿದ ರಸೀದಿ ಕೊಡಬೇಕು. ಇನ್ನು ಮುಂದೆ ಪೇರಲ ಹಣ್ಣನ್ನು ಅರ್ಧ ಕಚ್ಚಿ ನನ್ನ ತಲೆಯ ಮೇಲೆ ಹಾಕುವುದಾದರೆ ಒಳ್ಳೆಯ ಅರ್ಧವನ್ನು ಹಾಕಬೇಕು. ಮತ್ತು ತಾವು ವಾರಕ್ಕೊಮ್ಮೆ ಅಂಗಡಿಗೆ ಬಂದು ಹಿಂಜುವ ಯಂತ್ರಕ್ಕೆ ಎದುರು ಕುಳಿತು ಬುದ್ಧಿ ಹೇಳಬೇಕು. ನಮ್ಮ ಬೆಳಕಿಂಡಿಯ ಖಾಯಂ ತಪಾಸಣಾ ಅಧಿಕಾರಿಯೆಂದು ತಮ್ಮನ್ನು ಇಂದಿನಿಂದ ನೇಮಿಸಲಾಗಿದೆ. ಮತ್ತೆ ಎಂದಾದರೂ ಗಟ್ಟಿಯಾಗಿ ಮುಚ್ಚಿದರೆ ಕಿತ್ತುಹಾಕಲು ತಮಗೆ ಪೂರ್ಣ ಅಧಿಕಾರವಿದೆ.

ತಮ್ಮ ಮರಿಗಳು ಕಣ್ಣು ತೆರೆಯಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ,
ಬಂದೇಸಾಬ ನದಾಫ
ಗಾದಿ, ದಿಂಬು ಹಾಗೂ ಇತ್ತೀಚೆಗೆ ಗಾಳಿ

ತಾ.ಕ.: ತಮ್ಮ ಗೂಡಿನಲ್ಲಿ ನಡುವಿನ ಮರಿಯ ಮೈಮೇಲೆ ಹೊದಿಸಿದ್ದು ಮಾಸೂಮಾಳ ಹಳದಿ ಕಾಲುಚೀಲವೇ ಎಂಬುದನ್ನು ನಾನು ನೋಡಿದ್ದೇನೆ. ಜನ್ನತಬಿಗೆ ಹೇಳಿಲ್ಲ, ಕಳ್ಳನೆಂಬ ಹೆಸರನ್ನು ನಾನೇ ಹೊತ್ತಿದ್ದೇನೆ. ಬರುವ ಶುಕ್ರವಾರಕ್ಕೆ ನಲವತ್ತು ದಿನ ತುಂಬುತ್ತದೆ, ದಿಲ್ಶಾದ ಒಂದೇ ಕಾಲುಚೀಲ ತೆಗೆದುಕೊಂಡು ತಡಸಕ್ಕೆ ಹೊರಡುತ್ತಾಳೆ, ಇನ್ನೊಂದು ಸಿಕ್ಕ ಕೂಡಲೇ ಕೂಸನ್ನು ಕರೆದುಕೊಂಡು ಅದನ್ನು ಒಯ್ಯಲು ಬರುತ್ತೇನೆಂದು ಈಗಲೇ ಹೇಳಿದ್ದಾಳೆ. ಆದ್ದರಿಂದ ಅದು ಯಾವಾಗ ಸಿಗಬೇಕೆಂಬುದನ್ನು ನಾನು ತಿಳಿಸುತ್ತೇನೆ. ಅದಕ್ಕೆ ಮೊದಲು ತಾವಾಗಿ ಅದನ್ನು ಅಂಗಳಕ್ಕೆ ಬೀಳಿಸಿದಿರೋ, ಮರುದಿನವೇ ಬೆಕ್ಕು ಸಾಕುತ್ತೇನೆ.